ಬೆನ್ನಿಗೆ ಕಟಗೊಳ್ಳಾಂವ ಯಾರ ಪೈಕಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಸೀಮೆಯಲ್ಲಿ ಯಾವ ಮನೆತನ ಹಿಡಿದರೂ ಒಬ್ಬ ಕಾಕಾ ಸಿಗುತ್ತಾನೆ. ಬಿಳಿ ಟೋಪಿ, ಜೇಬಿನಲ್ಲಿ ಎರಡು ಪೆನ್ನು, ಊರಿನ ಕೃಷಿ ಪತ್ತಿನ ಸಹಕಾರಿ ಸಂಘದ, ಅಂದರೆ ಪಿಕೆಪಿಎಸ್ಸಿನ, ಮಾಜಿ ಸಂಚಾಲಕ. ಬೋರು ಎಲ್ಲಿ ಹೊಡೆಸಬೇಕು, ಕಬ್ಬು ಯಾವ ಕಾರ್ಖಾನೆಗೆ ಹೋಗಬೇಕು, ಹುಡುಗಿಯನ್ನು ಮಿರಜಿನ ಕಡೆ ಕೊಡಬೇಕೋ ಜಮಖಂಡಿಯ ಕಡೆಯೋ, ಎಲ್ಲ ಅವನ ಬಾಯಿಂದಲೇ ಇತ್ಯರ್ಥವಾಗಬೇಕು. ಕೇಳದಿದ್ದರೆ ತಾನಾಗಿ ಹೇಳುತ್ತಾನೆ. ಕೇಳಿದರೆ ಮಾತ್ರ, "ನಮಗೇನ ತಿಳೀತೈತಿ ಬಿಡಪಾ" ಎಂದು ಟೋಪಿ ಸರಿಪಡಿಸಿಕೊಳ್ಳುತ್ತಾನೆ.

ಇಂಥ ಕಾಕಾನ ಅಣ್ಣನ ಮಗ ಪುಣೆಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾನೆ. ಚಿಕ್ಕೋಡಿಯ ಮನೆಗೆ ಬಂದಿದ್ದಾಗ, ಮೈಸೂರಿಗೆ ಹೋಗಿ ವಿಮಾನದಿಂದ ಜಿಗಿಯುತ್ತೇನೆ ಎಂದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಮರುದಿನ ಮುಂಜಾನೆಯ ಬಸ್ಸಿಗೇ ಕಾಕಾ ಚಿಕ್ಕೋಡಿಯಲ್ಲಿ ಇಳಿದ.

"ಪೂರಾ ಟಿಕೇಟಿನ ರೊಕ್ಕ ಕೊಟ್ಟು ನಡು ದಾರ್ಯಾಗ ಇಳ್ಯಾಂವ ನೀ ಒಬ್ಬನ ನೋಡ" ಎಂಬಲ್ಲಿಂದ ಸಭೆ ಶುರುವಾಯಿತು.

ಹುಡುಗ ತಾಳ್ಮೆಯಿಂದ ಬಿಡಿಸಿ ಹೇಳಿದ. ವಿಮಾನ ಸುಮಾರು 10,000 ಅಡಿ ಏರುತ್ತದೆ. ಹೊಸಬರನ್ನು ಒಂಟಿಯಾಗಿ ಬಿಡುವುದಿಲ್ಲ, ನುರಿತವನೊಬ್ಬ ಅವರ ಬೆನ್ನಿಗೆ ಬೆಲ್ಟಿನಿಂದ ಬಿಗಿದುಕೊಂಡು ಜಿಗಿಯುತ್ತಾನೆ. ಅರ್ಧ ನಿಮಿಷ ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಬಿದ್ದಮೇಲೆ 5,000 ಅಡಿಯ ಹೊತ್ತಿಗೆ ಛತ್ರಿ ಬಿಚ್ಚುತ್ತಾನೆ. ಕಾಕಾ ಇಷ್ಟರಲ್ಲಿ ಹಿಡಿದದ್ದು ಒಂದೇ ಎಳೆ.

"ಆ ಬೆನ್ನಿಗೆ ಕಟಗೊಳ್ಳಾಂವ ಯಾರ ಪೈಕಿ?"

"ಗೊತ್ತಿಲ್ಲ ಕಾಕಾ."

"ಊರು? ಹೊಲಾ ಮನಿ? ಕುಡೀತಾನೇನ? ಅಲ್ಲೊ, ಎಮ್ಮಿ ತರೂ ಮುಂದ ನಾಕ ಮಂದೀನ ಕೇಳತೇವಿ. ನೀ ಗುರ್ತಿಲ್ಲದಾಂವಗ ಜೀವಾನ ಗಂಟ ಹಾಕ್ಸಗೋಂತಿ!"

ಚೀಲದಲ್ಲಿ ಇನ್ನೊಂದು ಮೀಸಲು ಛತ್ರಿಯಿದೆ, ಇಬ್ಬರಿಗೂ ಎಚ್ಚರ ತಪ್ಪಿದರೂ ಅದನ್ನು ತಾನಾಗಿ ಬಿಚ್ಚುವ ಯಂತ್ರವೂ ಇದೆ ಎಂದದ್ದು ಇನ್ನೂ ಕೆಟ್ಟಿತು. "ಅಂದ್ರ ಮೊದಲಿನದರ ಮ್ಯಾಲ ಅವರಿಗೇ ನಂಬಿಗಿಲ್ಲ." ಹೊಣೆಗಾರಿಕೆಯ ಫಾರ್ಮನ್ನು ಕನ್ನಡಕ ಏರಿಸಿ, ಎಷ್ಟೋ ಸಾಲಗಳಿಗೆ ಜಾಮೀನು ನಿಂತ ಗಾಂಭೀರ್ಯದಿಂದ ಓದಿದ. "ಏನಾದ್ರೂ ತಪ್ಪ ನಿಂದ. ಇದಕಿಂತ ಸೊಸಾಯಿಟಿ ಬಾಂಡ್ ಚೊಲೊ." ಜಿಗಿಯುವ ಮುಂಚೆ ತೂಕ ಮಾಡುತ್ತಾರೆ ಎಂದು ತಿಳಿದಾಗ ಮಾತ್ರ ಕಬ್ಬು ಬೆಳೆಗಾರ ಎದ್ದು ಕೂತ. "ಕಾಟಾ ಸರಿ ಐತೇನ ನೋಡ. ಮೊದಲ ಬ್ಯಾರೆ ಕಡೆ ತೂಗಿಸಿ ಚೀಟಿ ಇಟಗೋ."

ಅಥಣಿಯ ಅತ್ತೆಯ ಚಿಂತೆ ಕಾಲಿನದು. ಚಪ್ಪಲಿ ಹಾಕಿಕೊಂಡು ಜಿಗಿಯಬೇಡ ಎಂದಳು. ಅಲ್ಲಿಗೂ ಕಾಕಾ ಬಾಯಿ ಹಾಕಿದ. "ಅಥಣಿ ಚಪ್ಪಲಿ ಮುಗಿಲಿನಿಂದ ಬಿದ್ರೂ ಸಿಕ್ಕಾವರು ಕೊಲ್ಲಾಪುರಿ ಅಂತಾರ." 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದರಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿತು. ಹೆಸರು ಮಾತ್ರ ಗಡಿಯಾಚೆಯದು, ಕಾಕಾನ ಈ ಸಿಟ್ಟು ನನಗೆ ನ್ಯಾಯವೆಂದೇ ಅನಿಸುತ್ತದೆ.

ಹುಡುಗನ ಪಕ್ಷ ವಹಿಸಿದವಳು ಅಜ್ಜಿ ಒಬ್ಬಳೇ. ಪುಣೆಯ ಶೀತಲ್ ಮಹಾಜನ್ 2018ರಲ್ಲಿ ಥಾಯ್ಲೆಂಡಿನಲ್ಲಿ ನೌವಾರಿ ಸೀರೆಯುಟ್ಟು ಜಿಗಿದದ್ದನ್ನು ಆಕೆ ಮರಾಠಿ ಟಿವಿಯಲ್ಲಿ ನೋಡಿದ್ದಳು. "ಕಚ್ಚಿ ಒಂದ ಎಳಿ ಸಡಲ ಆಗ್ಲಿಲ್ಲ ಆಕೀದು. ಇಂವಗೇನ ಧಾಡಿ, ಪ್ಯಾಂಟ ಹಾಕ್ಯಾನ." ಆ ಹೆಣ್ಣುಮಗಳ ಮೊಟ್ಟಮೊದಲ ಜಿಗಿತವೇ 2004ರಲ್ಲಿ ಉತ್ತರ ಧ್ರುವದ ಮೇಲೆ ಎಂದು ಮೊಮ್ಮಗ ಸೇರಿಸಿದ. "ಅಲ್ಲಿ ಬರ್ಫ ಇರ್ತೈತಿ, ಮೆತ್ತಗ. ಮೈಸೂರಾಗ ನೆಲಾ ಗಟ್ಟಿ" ಎಂದ ಕಾಕಾ.

ಮೂಲೆಯಲ್ಲಿ ನಿಪ್ಪಾಣಿಯ ಬೀಗರು ಚಹಾ ಆರಿಸುತ್ತಿದ್ದರು. ಅವರು ಸೇನೆಯ ಪ್ಯಾರಾಶೂಟ್ ಪಡೆಯಾದ 2 ಪ್ಯಾರಾದಲ್ಲಿದ್ದು ನಿವೃತ್ತರಾದವರು. ಮರಾಠಾ ರೆಜಿಮೆಂಟಿನ ಮೂರನೆಯ ಬಟಾಲಿಯನ್ನೇ ಮುಂದೆ ಈ ಪಡೆಯಾಯಿತು. 1971ರ ಬಾಂಗ್ಲಾ ಯುದ್ಧದಲ್ಲಿ ಡಿಸೆಂಬರ್ 11ರಂದು ಟಾಂಗಾಯಿಲ್‌ನಲ್ಲಿ ಆಕಾಶದಿಂದ ಇಳಿದದ್ದೂ ಇದೇ. ಇಡೀ ಮನೆಯಲ್ಲಿ ಜಿಗಿದು ಗೊತ್ತಿದ್ದವರು ಅವರೊಬ್ಬರೇ.

"ಇಳಿಯುವಾಗ ಅಂವ ಹೇಳಿದ ಕೂಡ್ಲೆ ಕಾಲ ಮ್ಯಾಲ ಎತ್ತ" ಎಂದರು, ಅಷ್ಟೇ.

ಕಾಕಾ ಸುಮ್ಮನಿರುತ್ತಾನೆಯೇ? "ಬೀಗರ, ನಿಮ್ಮದು ಸರಕಾರಿ ಜಿಗತ. ಇದು ಪ್ರೈವೇಟ್, ಬ್ಯಾರೆ."

ಹುಡುಗ ಹೋದ, ಜಿಗಿದ, ಸುಖವಾಗಿ ಇಳಿದ. ವಿಡಿಯೊ ಬಂತು. ಗಾಳಿಗೆ ಕೆನ್ನೆ ಅದುರುತ್ತಿದ್ದ ಹುಡುಗನನ್ನು ಕಾಕಾ ನೋಡಲೇ ಇಲ್ಲ, ಅವನ ಕಣ್ಣು ಹಿಂದಿದ್ದವನ ಮೇಲೆ. ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿ ಫೋನು ಹಚ್ಚಿದ.

"ಹುಡುಗ ಚೊಲೊ ಅದಾನಲ್ಲೊ, ಗಟ್ಟಿಮುಟ್ಟ. ಮದಿವಿ ಆಗೇತೇನ ಕೇಳ. ರಾಯಬಾಗದಾಗ ಒಂದ ಕನ್ಯಾ ಐತಿ."