ಸೌಟಮ್ಮನವರೇ, ಇನ್ನು ಹೊರಡಿ

ಕಾರ್ಡಿಫ್, ವೇಲ್ಸ್
16 ಮಾರ್ಚ್ 2025, ಭಾನುವಾರ

ಶ್ರೀಮತಿ ಮರದ ಸೌಟು ಅವರ ಸನ್ನಿಧಿಗೆ,

ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ, ಅತ್ತ ತಾವು ಕ್ಷೇಮವೇ ಎಂದು ಬರೆಯುವುದು ವಾಡಿಕೆ. ಆದರೆ ತಾವು ಅತ್ತ ಎಲ್ಲೂ ಇಲ್ಲ, ಇತ್ತಲೇ ಇದ್ದೀರಿ. ಇಡೀ ತೊಂದರೆಯೇ ಅದು.

ಹೋದ ವರ್ಷ ಮಾರ್ಚಿನಲ್ಲಿ ತಾವು ಬಂದಾಗ ನಾಲ್ಕು ದಿನ ಇದ್ದು ಹೋಗುವ ನೆಂಟರೆಂದುಕೊಂಡಿದ್ದೆವು. 2003ರಲ್ಲಿ ಒಮ್ಮೆ ಬಂದಿದ್ದಿರಿ, ಮರ್ಯಾದೆಯಾಗಿ ಮುಂದಿನ ವರ್ಷವೇ ಹೊರಟಿರಿ. ಆಮೇಲೆ ತಮಗೆ ಇಟಲಿಯ ಹವೆ ಒಗ್ಗಿತು. 2016ರಿಂದ 2023ರವರೆಗೆ ಎಂಟು ವರ್ಷ ಒಂದೇ ಸಮನೆ ಅಲ್ಲೇ ಇದ್ದಿರಿ. ಅಲ್ಲಿಯ ಊಟ ಬಿಟ್ಟು ಈ ಮಳೆಯ ಊರಿಗೆ ಯಾಕೆ ಬಂದಿರೋ ಕಾಣೆ. ನಿನ್ನೆ ಸಂಜೆ ಇಂಗ್ಲೆಂಡಿನವರು ನಮ್ಮೂರ ರಗ್ಬಿ ಸ್ಟೇಡಿಯಂಗೇ ಬಂದು 68-14ರಲ್ಲಿ ಬಡಿದು ಹೋದ ಮೇಲೆ, ತಮ್ಮ ಠಿಕಾಣಿ ಇನ್ನೊಂದು ವರ್ಷ ಇಲ್ಲೇ ಎಂಬುದು ಖಾತ್ರಿಯಾಯಿತು.

ಇದನ್ನೆಲ್ಲ ಹೇಳಲು ನೀನು ಯಾರಯ್ಯ ಎಂದು ಕೇಳಬಹುದು. ಹುಟ್ಟಿದ್ದು ಮೈಸೂರು, ಹೊಟ್ಟೆಪಾಡು ಕಾರ್ಡಿಫ್. ರಗ್ಬಿಯನ್ನು ನಾನು ಕಲಿತದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಪಕ್ಕದ ಮನೆಯ ತಾತ ಕಾಂಪೌಂಡಿಗೆ ಮೊಣಕೈ ಊರಿ ಹತ್ತು ವರ್ಷ ಪಾಠ ಹೇಳಿದ್ದಾರೆ. ಪತ್ರ ಬಹಿರಂಗವಾದ್ದರಿಂದ ಮೈಸೂರಿನ ಕಡೆಯವರೂ ಓದುತ್ತಾರೆ. ಅವರಿಗಾಗಿ ಒಂದೆರಡು ಮಾತು. ಇಂಗ್ಲೆಂಡ್, ಫ್ರಾನ್ಸ್, ಐರ್ಲೆಂಡ್, ಸ್ಕಾಟ್ಲೆಂಡ್, ಇಟಲಿ, ವೇಲ್ಸ್ ಎಂಬ ಆರು ದೇಶಗಳು ಪ್ರತಿವರ್ಷ ಚಳಿಗಾಲದ ಕೊನೆಗೆ ಆಡುವ ಪಂದ್ಯಾವಳಿಗೆ ಸಿಕ್ಸ್ ನೇಷನ್ಸ್ ಎನ್ನುತ್ತಾರೆ. ತಲಾ ಐದು ಪಂದ್ಯ. ಐದನ್ನೂ ಗೆದ್ದರೆ ಗ್ರ್ಯಾಂಡ್ ಸ್ಲ್ಯಾಮ್. ಐದನ್ನೂ ಸೋತರೆ ವೈಟ್‌ವಾಷ್. ಎಲ್ಲರಿಗಿಂತ ಕೊನೆಗೆ ಬಂದವರಿಗೆ ಮರದ ಸೌಟು, ಅಂದರೆ ತಾವು. ಬೆಳಿಗ್ಗೆ ಅಮ್ಮ ಫೋನ್ ಮಾಡಿ, ‘ಯುಗಾದಿಗೆ ಎರಡೇ ವಾರ ಉಳೀತು ಕಣೋ, ಮನೆಗೆ ಸುಣ್ಣ ಹೊಡೆಸ್ತಿದೀನಿ’ ಅಂದರು. ‘ನಮ್ಮಲ್ಲಿ ನಿನ್ನೆಗೇ ಆಯ್ತಮ್ಮ, ಐದೂ ಗೋಡೆ’ ಎಂದೆ. ಮನೆಗೆ ನಾಲ್ಕು ಗೋಡೆ ತಾನೇ ಎಂದು ಅವರು ಇನ್ನೂ ಯೋಚಿಸುತ್ತಿರಬೇಕು.

ತಮಾಷೆಯೆಂದರೆ ತಮ್ಮನ್ನು ಯಾರೂ ಕಣ್ಣಾರೆ ಕಂಡಿಲ್ಲ. ಗೆದ್ದವರಿಗೆ ಬೆಳ್ಳಿಯ ಕಪ್ ಇದೆ, ಫೋಟೊ ಇದೆ. ತಾವು ಬರೀ ಹೆಸರು. ದೇವರ ಹಾಗೆ, ಕಾಣದಿದ್ದರೂ ಇದ್ದೀರಿ.

ತಮ್ಮ ಕುಲಗೋತ್ರವನ್ನು ಹುಡುಕಿದಾಗ ಸಿಕ್ಕಿದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ. ಅಲ್ಲಿ ಗಣಿತದ ಆನರ್ಸ್ ಪರೀಕ್ಷೆಯಲ್ಲಿ ಹೇಗೋ ಪಾಸಾಗಿ ಪಟ್ಟಿಯ ತಳ ಸೇರಿದವನಿಗೆ, ಪದವಿ ಪ್ರದಾನದ ದಿನ ಗೆಳೆಯರು ಮರದ ಸೌಟು ಕೊಡುತ್ತಿದ್ದರಂತೆ. ಬರಬರುತ್ತ ಅದು ದೋಣಿಯ ಹುಟ್ಟಿನಷ್ಟು ಉದ್ದವಾಯಿತಂತೆ. ಕೊನೆಯ ಸೌಟು ಸಂದದ್ದು 1909ರಲ್ಲಿ. ಲೆಕ್ಕದಲ್ಲಿ ಹಿಂದೆ ಬಿದ್ದವರ ಕುಲದೇವತೆ ತಾವು ಎಂಬುದು ತಿಳಿದಾಗ ನನಗೆ ಎಲ್ಲವೂ ಅರ್ಥವಾಯಿತು. ಈ ಆರು ವಾರ ನಮ್ಮ ಅಭಿಮಾನಿಗಳು ಹಾಕಿದ ಲೆಕ್ಕ ತಾವೂ ಕೇಳಿರುತ್ತೀರಿ.

ಜನವರಿ 31ರಂದು ಪ್ಯಾರಿಸ್‌ನಲ್ಲಿ 43-0. ತಾತ ಟಿವಿ ಆರಿಸಿ, ‘ಇನ್ನು ಈ ಜನ್ಮದಲ್ಲಿ ರಗ್ಬಿ ನೋಡಲ್ಲ’ ಎಂದರು. ಅವರ ಆ ಜನ್ಮ ಎಂಟು ದಿನದ್ದು. ರೋಮ್‌ನಲ್ಲಿ 22-15. ‘43ರಿಂದ 7ಕ್ಕೆ ಇಳಿಯಿತಲ್ಲ, ಇದು ಸುಧಾರಣೆ ಅಲ್ಲವೇ’ ಎಂದು ಪಬ್ಬಿನಲ್ಲಿ ಒಬ್ಬ ಕೇಳಿದ. ಅಲ್ಲ ಎಂದವರನ್ನು ದೇಶಭಕ್ತಿ ಇಲ್ಲದವರಂತೆ ನೋಡಿದರು. ಮೇಲಾಗಿ 7 ಅಂಕದ ಒಳಗೆ ಸೋತರೆ ಒಂದು ಬೋನಸ್ ಪಾಯಿಂಟ್ ಕೊಡುತ್ತಾರೆ. ನಮ್ಮ ಎಸ್ಸೆಸ್ಸೆಲ್ಸಿಯ ಗ್ರೇಸ್ ಮಾರ್ಕ್ಸ್ ಹಾಗೆ.

ಮೂರು ದಿನದ ಮೇಲೆ, ಮಂಗಳವಾರ, ಕೋಚ್ ವಾರೆನ್ ಗ್ಯಾಟ್‌ಲಂಡ್ ಹೊರನಡೆದರು. ಹಿಂದಿನ ವರ್ಷ ಇಟಲಿಗೆ ಸೋತಾಗಲೇ ಅವರು ರಾಜೀನಾಮೆ ಕೊಡುತ್ತೇನೆಂದಿದ್ದರು, ಒಕ್ಕೂಟ ಬೇಡ ಎಂದಿತ್ತು. ಇದೇ ಮನುಷ್ಯ 2008, 2012, 2019ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ತಂದುಕೊಟ್ಟಿದ್ದಕ್ಕೆ ಸ್ಟೇಡಿಯಂನ ಒಂದು ಗೇಟಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಡುವಾಗ ಅದು ಒಳಬರುವ ಗೇಟೋ ಹೊರಹೋಗುವ ಗೇಟೋ ಎಂದು ಯಾರೂ ವಿಚಾರಿಸಿರಲಿಲ್ಲ. ಗ್ಯಾಟ್‌ಲಂಡ್ ಹೋಗಲಿ ಎಂದು ಎರಡು ತಿಂಗಳಿಂದ ಗಂಟಲು ಹರಿದುಕೊಂಡವರೇ ಅಂದು ರಾತ್ರಿ, ‘ಪಾಪ, ಎಷ್ಟಾದರೂ ಒಳ್ಳೆಯವನು’ ಎಂದು ಗ್ಲಾಸ್ ಎತ್ತಿದರು. ನಮ್ಮಲ್ಲಿ ತಿಥಿಯ ದಿನ ವಡೆ ಪಾಯಸದ ಮಧ್ಯೆ ಬರುವ ಮಾತಿನ ಹಾಗೆಯೇ ಇತ್ತು ಅದು.

ಆಮೇಲೆ ಮ್ಯಾಟ್ ಶೆರಟ್ ಎಂಬುವರು ಹಂಗಾಮಿಯಾಗಿ ಬಂದರು. ಐರ್ಲೆಂಡ್ ವಿರುದ್ಧ ಅರ್ಧ ಆಟಕ್ಕೆ 13-10ರಲ್ಲಿ ನಾವೇ ಮುಂದೆ! ಕೊನೆಗೆ 27-18ರಲ್ಲಿ ಸೋತೆವು, ಆದರೆ ಅದನ್ನು ಸೋಲು ಎನ್ನಲು ಬಾಯಿ ಬೇಕಲ್ಲ. ‘ಎಂಥ ಸೋಲು!’ ಎಂದು ತಾತ ನನ್ನ ಬೆನ್ನಿಗೆ ಗುದ್ದಿದರು. ಒಂದು ವಾರ ಊರೆಲ್ಲ ಆ ಸೋಲಿನ ಗುಣಗಾನ. ಎಡಿನ್‌ಬರೋದಲ್ಲಿ 35-8ರಿಂದ ಹಿಂದಿದ್ದವರು ಕೊನೆಯ ಹೊತ್ತಿಗೆ 35-29 ಮಾಡಿದಾಗಂತೂ ಎರಡು ಬೋನಸ್ ಪಾಯಿಂಟ್ ಬಂತು. ನಾಲ್ಕು ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಊರುವುದು) ಹೊಡೆದದ್ದಕ್ಕೆ ಒಂದು, ಆರೇ ಅಂಕದಲ್ಲಿ ಸೋತದ್ದಕ್ಕೆ ಒಂದು. ಪಂದ್ಯ ಇನ್ನು ಐದು ನಿಮಿಷ ಇದ್ದಿದ್ದರೆ ಗೆಲ್ಲುತ್ತಿದ್ದೆವಂತೆ. ಆ ಐದು ನಿಮಿಷ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ.

ಈಗ ಲೆಕ್ಕ ನೋಡಿ. 43, 7, 9, 6. ಪಬ್ಬಿನ ಪಂಡಿತರು ಬಿಯರ್ ಗ್ಲಾಸಿನ ಅಡಿಯ ರಟ್ಟಿನ ಹಿಂಬದಿಗೆ ಈ ನಾಲ್ಕು ಅಂಕಿ ಬರೆದು, ಅಂತರ ಇಳಿಯುತ್ತಿದೆ, ಇಂಗ್ಲೆಂಡಿನ ವಿರುದ್ಧ ಎರಡೋ ಮೂರೋ, ಇಲ್ಲವೇ ಗೆಲುವು ಎಂದು ತೀರ್ಮಾನಿಸಿದರು. ‘ಒಂಬತ್ತು ಯಾಕೆ ಏಳಾದ ಮೇಲೆ ಬಂತು?’ ಎಂದು ನಾನು ಕೇಳಿದ್ದು ತಪ್ಪಾಯಿತು. ‘ನೀನು ಹೊರಗಿನವನು, ನಿನಗೆ ಗೊತ್ತಾಗಲ್ಲ’ ಎಂದರು. ನಿನ್ನೆ ಐದನೆಯ ಅಂಕಿ ಬಂತು. 54. ಗ್ಲಾಸಿನ ನೊರೆ ಇಳಿಯುವ ಮೊದಲೇ ಇಂಗ್ಲೆಂಡಿನ ಮೊದಲ ಟ್ರೈ. ಮುಗಿಯುವ ಹೊತ್ತಿಗೆ ಹತ್ತು. ಏಳನೆಯದೋ ಎಂಟನೆಯದೋ ಆದಾಗ ತಾತ ತಲೆಯ ಮೇಲಿದ್ದ ಹಳದಿ ಡ್ಯಾಫೊಡಿಲ್ ಟೋಪಿ ತೆಗೆದು, ದಳಗಳನ್ನು ಒಂದೊಂದಾಗಿ ಒಳಗೆ ಮಡಚಿ, ಕೋಟಿನ ಜೇಬಿಗೆ ಹಾಕಿಕೊಂಡರು. ರೇಷ್ಮೆ ಸೀರೆ ಮಡಚಿಡುವಷ್ಟೇ ಜೋಪಾನವಾಗಿ. ಮುಂದಿನ ವರ್ಷಕ್ಕೆ ಬೇಕಲ್ಲ.

ಆ ರಟ್ಟನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ತಮ್ಮ ಕೇಂಬ್ರಿಡ್ಜಿಗೆ ಕಳಿಸಬಹುದು.

ಇಷ್ಟಾದರೂ ಕಾರಣಗಳಿಗೆ ಬರವಿಲ್ಲ. ಮಾರ್ಚಿನ ಈ ಊರಲ್ಲಿ ಮಳೆಗಿಂತ ಹೆಚ್ಚು ಸುರಿಯುವುದು ಕಾರಣ. ಒಬ್ಬರ ಪ್ರಕಾರ 2003ರಲ್ಲಿ ಹಳೆಯ ಕ್ಲಬ್ಬುಗಳ ಮೇಲೆ ವೃತ್ತಿಪರ ಪ್ರಾದೇಶಿಕ ತಂಡಗಳನ್ನು ತಂದು ಕೂರಿಸಿದ್ದೇ ಅನರ್ಥ. ಈಗ ಉಳಿದಿರುವ ನಾಲ್ಕರಲ್ಲಿ ಒಂದನ್ನು ಮುಚ್ಚಬೇಕು. ಯಾವುದನ್ನು? ಅವರ ಊರಿನದನ್ನು ಬಿಟ್ಟು ಯಾವುದನ್ನಾದರೂ. ಇನ್ನೊಬ್ಬರಿಗೆ ಅಮೆರಿಕದ ಮೇಲೆ ಸಿಟ್ಟು, ರೆಕ್ಕೆ ಕಟ್ಟಿಕೊಂಡಂತೆ ಓಡುತ್ತಿದ್ದ ಲೂಯಿ ರೀಸ್-ಜಾಮಿಟ್ 2024ರ ಜನವರಿಯಲ್ಲಿ ರಗ್ಬಿ ಬಿಟ್ಟು ಅಲ್ಲಿಯ ಫುಟ್‌ಬಾಲಿಗೆ ಹೋದನಲ್ಲ. ಆಟದ ಸೂತ್ರ ಹಿಡಿಯುವ ಹತ್ತನೇ ನಂಬರಿನ ಆಟಗಾರ ಯಾರಾಗಬೇಕು ಎಂಬ ವಿಷಯವನ್ನು ಇಲ್ಲಿ ಎತ್ತುವುದೇ ಇಲ್ಲ. ಮೂವತ್ತೊಂದು ಲಕ್ಷ ಜನರ ದೇಶ, ಅಷ್ಟೇ ಅಭಿಪ್ರಾಯ.

ತಾತನದು ಮಾತ್ರ ಭೂಗರ್ಭದಿಂದ ಬಂದ ಸಿದ್ಧಾಂತ. ಹಿಂದೆ ರೊಂಡ ಕಣಿವೆಯಲ್ಲಿ ಕಲ್ಲಿದ್ದಲು ಗಣಿಯ ಬಾಯಿಗೆ ನಿಂತು ಸೀಟಿ ಹೊಡೆದರೆ ಸಾಕಿತ್ತಂತೆ, ಕೋಣನಂಥ ಫಾರ್ವರ್ಡ್ ಒಬ್ಬ ಮೇಲೆ ಬರುತ್ತಿದ್ದನಂತೆ. ಗಣಿ ಮುಚ್ಚಿದರು, ರಗ್ಬಿ ಮುಗಿಯಿತು. ನಾನು ಬಿಡಲಿಲ್ಲ. ‘ಕೊನೆಗೆ ಉಳಿದಿದ್ದ ಗಣಿಗಳೂ ಬಹುತೇಕ ಮುಚ್ಚಿದ್ದು ಎಂಬತ್ತರ ದಶಕದ ಗಣಿ ಕಾರ್ಮಿಕರ ಮುಷ್ಕರದ ಆಸುಪಾಸಿನಲ್ಲಿ. 2005ರಿಂದ 2019ರೊಳಗೆ ನಾಲ್ಕು ಗ್ರ್ಯಾಂಡ್ ಸ್ಲ್ಯಾಮ್ ಬಂತಲ್ಲ ತಾತ?’ ತಾತ ಒಂದು ಗುಟುಕು ಕುಡಿದು ಹೇಳಿದರು: ‘ಅದು ಗೋಡೌನಿನಲ್ಲಿ ಉಳಿದಿದ್ದ ಸ್ಟಾಕು.’

ತಮ್ಮಲ್ಲಿ ಒಂದು ಸಂಶಯ ತೋಡಿಕೊಳ್ಳಬೇಕು. ತಾವು ಇಲ್ಲಿಂದ ಕದಲದಿರಲು ಬಹುಶಃ ತಪ್ಪು ತಿಳಿವಳಿಕೆಯೇ ಕಾರಣ. ಈ ದೇಶದಲ್ಲಿ ಮರದ ಸೌಟೆಂದರೆ ಪ್ರೇಮ! ಹಿಂದಿನ ಕಾಲದಲ್ಲಿ ಹುಡುಗರು ಒಂದೇ ಮರದ ತುಂಡಿನಲ್ಲಿ ಸೌಟು ಕೆತ್ತಿ, ಹಿಡಿಯ ತುಂಬ ಹೃದಯ, ಬೀಗದ ಕೈ, ಸರಪಳಿ ಬಿಡಿಸಿ, ಮೆಚ್ಚಿದ ಹುಡುಗಿಗೆ ಕೊಡುತ್ತಿದ್ದರು. 1667ರ ಇಸವಿ ಕೆತ್ತಿದ ಒಂದು ಸೌಟು ಊರಾಚೆಯ ಸೇಂಟ್ ಫೇಗನ್ಸ್ ಮ್ಯೂಸಿಯಂನಲ್ಲಿದೆ. ಕೋಟೆಯ ಎದುರಿನ ಅಂಗಡಿಯ ಗಾಜಿನ ಹಿಂದೆ ಈಗಲೂ ಸಾಲಾಗಿ ನೇತುಹಾಕಿರುತ್ತಾರೆ. ನಿನ್ನೆ ರಾತ್ರಿ ಕ್ಯಾರೊಲಿನ್ ಬೀದಿಯಲ್ಲಿ ಅರ್ಧ ಅನ್ನ, ಅರ್ಧ ಆಲೂಗಡ್ಡೆ ಚಿಪ್ಸು, ಮೇಲೆ ಹಳದಿ ಕರಿ ಸುರಿಸಿಕೊಂಡು (ಇದನ್ನು ಕಂಡುಹಿಡಿದವರಿಗೂ ಒಂದು ಬಹಿರಂಗ ಪತ್ರ ಬಾಕಿ ಇದೆ) ವಾಪಸು ಬರುವಾಗ ಆ ಅಂಗಡಿಯ ಮುಂದೆ ನಿಂತೆ. ಒಂದು ಸೌಟಿನ ಹಿಡಿಯಲ್ಲಿ ಪುಟ್ಟ ಪಂಜರ, ಒಳಗೆ ಉರುಳಾಡುವ ಎರಡು ಗುಂಡು. ಎಷ್ಟು ಗುಂಡೋ ಅಷ್ಟು ಮಕ್ಕಳಾಗಲಿ ಎಂದರ್ಥವಂತೆ. ತಾವು ಬಂದಿರುವುದು ಎರಡನೆಯ ವರ್ಷ ಎಂಬುದು ನೆನಪಾಗಿ ನನಗೆ ಗಾಬರಿಯಾಯಿತು. ಮೂರನೆಯ ಗುಂಡು ಬೇಡ, ತಾಯೀ.

ಹಾಗೆಂದು ತಮ್ಮ ಮೇಲೆ ಪೂರ್ತಿ ತಪ್ಪು ಹೊರಿಸಲೂ ಆಗದು. ತಮ್ಮನ್ನು ಇಷ್ಟು ಚೆನ್ನಾಗಿ ನೋಡಿಕೊಂಡವರು ಯಾರಿದ್ದಾರೆ? ದಿನಾ ಬೆಳಿಗ್ಗೆ ಪೇಪರಿನಲ್ಲಿ ತಮ್ಮದೇ ಸುದ್ದಿ, ಬಸ್ಸಿನಲ್ಲಿ ತಮ್ಮದೇ ಮಾತು. 2019ರ ಆಗಸ್ಟಿನಲ್ಲಿ ತಂಡ ವಿಶ್ವದ ನಂಬರ್ ಒನ್ ಆಗಿತ್ತು, ಅದಕ್ಕೆ ಸ್ವಲ್ಪ ಮುಂಚೆ ಸತತ 14 ಪಂದ್ಯ ಗೆದ್ದಿತ್ತು. ಆಗ ಕಾಂಪೌಂಡಿನ ಪಾಠ ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು. ‘ಗೆದ್ವಿ.’ ‘ಹೌದು ತಾತ.’ ಅಷ್ಟೇ. ತಾವು ಬಂದ ಮೇಲೆ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ, ನಮ್ಮನೆಯವರು ಒಳಗಿಂದ ಸಾರು ಆರುತ್ತಿದೆ ಎಂದು ಕೂಗುವವರೆಗೂ. ತಾವು ನಿಜವಾಗಿ ಹೊರಟುಬಿಟ್ಟರೆ ನಾವಿಬ್ಬರೂ ಹವಾಮಾನದ ಬಗ್ಗೆ ಮಾತಾಡಬೇಕಾಗುತ್ತದೆ.

ಆದರೂ ಒಂದು ಪರಿಹಾರ ಹೊಳೆದಿದೆ. ಕೇಂಬ್ರಿಡ್ಜಿನವರು ತಮ್ಮನ್ನು ಮನೆಗೆ ಕಳಿಸಿದ ಉಪಾಯ ನೆನಪಿರಬೇಕಲ್ಲ? ರ‍್ಯಾಂಕ್ ಪ್ರಕಾರ ಹೆಸರು ಓದುವುದನ್ನು ಬಿಟ್ಟು ಅಕಾರಾದಿಯಾಗಿ ಪಟ್ಟಿ ಮಾಡಿದರು. ಕೊನೆಯವನು ಯಾರೆಂದೇ ತಿಳಿಯದಾಯಿತು, ತಮಗೆ ಕೆಲಸ ಹೋಯಿತು. ಸಿಕ್ಸ್ ನೇಷನ್ಸ್ ಪಟ್ಟಿಯನ್ನೂ ಹಾಗೇ ಮಾಡಲಿ ಎಂದು ನಾನು ತಾತನಿಗೆ ಸೂಚಿಸಿದೆ. ಅವರು ಬೆರಳು ಮಡಚಿ ಎಣಿಸಿದರು. ಇಂಗ್ಲಿಷಿನಲ್ಲಿ ವೇಲ್ಸ್ ಹೆಸರು ಡಬ್ಲ್ಯುನಿಂದ ಶುರು. ಮತ್ತೆ ನಾವೇ ಕೊನೆ. ಕನ್ನಡದಲ್ಲಿ ಬರೆಯೋಣ ಎಂದೆ: ಇಂಗ್ಲೆಂಡ್, ಇಟಲಿ, ಐರ್ಲೆಂಡ್, ಫ್ರಾನ್ಸ್, ವೇಲ್ಸ್, ಸ್ಕಾಟ್ಲೆಂಡ್. ಒಂದು ಮೆಟ್ಟಿಲು ಮೇಲೆ! ತಾತನಿಗೆ ಕನ್ನಡದ ಮೇಲೆ ಗೌರವ ಹುಟ್ಟಿದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಅವರೇ ತಮ್ಮ ವೇಲ್ಶ್ ಭಾಷೆಯಲ್ಲಿ ಬರೆದರು. ಸ್ಕಾಟ್ಲೆಂಡ್ ಅಲ್ಲಿ ಆಲ್ಬನ್, ಅದು ಮೊದಲು. ವೇಲ್ಸ್ ಅಂದರೆ ಕಮ್ರಿ, ಎರಡನೆಯದು. ಇಂಗ್ಲೆಂಡಿಗೆ ಹ್ಲೊಯ್ಗರ್ ಎಂದು ಹೆಸರು. ಅದರ ಅಕ್ಷರ ಅವರ ವರ್ಣಮಾಲೆಯಲ್ಲಿ ಉಳಿದ ಐದು ದೇಶಗಳ ಅಕ್ಷರಗಳಿಗಿಂತ ಕೆಳಗೆ. ಬರೆಯುತ್ತ ಬರೆಯುತ್ತ ಕೊನೆಯ ಸಾಲಿಗೆ ಬಂದಾಗ ತಾತನ ಕೈ ನಡುಗಿತು. ಇಂಗ್ಲೆಂಡ್ ಕೊನೆ! ಆರು ವಾರದಲ್ಲಿ ಮೊದಲ ಬಾರಿಗೆ ಆ ಮನುಷ್ಯ ನಕ್ಕರು. ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ತಾವು ಒಮ್ಮೆ ನೋಡಿ, ಗಂಟುಮೂಟೆ ಕಟ್ಟಿ ಲಂಡನ್ ಕಡೆಯ ರೈಲು ಹತ್ತಬೇಕಾಗಿ ವಿನಂತಿ. ಟಿಕೆಟ್ ದುಡ್ಡು ನಾವೇ ಕೊಡುತ್ತೇವೆ, ಚಂದಾ ಎತ್ತಿಯಾದರೂ.

ಹೋಗದಿದ್ದರೂ ತಾತನಿಗೆ ಚಿಂತೆಯಿಲ್ಲ. 2003ರಲ್ಲಿ ತಾವು ಬಂದು ಹೋದ ಎರಡೇ ವರ್ಷಕ್ಕೆ ಗ್ರ್ಯಾಂಡ್ ಸ್ಲ್ಯಾಮ್ ಬಂತಂತೆ. 2024ಕ್ಕೆ ಎರಡು ಕೂಡಿಸಿದರೆ 2026. ‘ಬರೆದಿಟ್ಟುಕೋ’ ಎಂದಿದ್ದಾರೆ. ರಟ್ಟಿನ ಮೇಲೇ ಬರೆದಿಟ್ಟುಕೊಂಡಿದ್ದೇನೆ, 54ರ ಪಕ್ಕದಲ್ಲಿ.

ಇಂತಿ ತಮ್ಮ ವಿಧೇಯ,
ಕಾಂಪೌಂಡಿನ ಈಚೆ ಬದಿಯವನು

ವಿ.ಸೂ.: ನಿನ್ನೆಯದು ಸೇರಿ ಟೆಸ್ಟ್ ಪಂದ್ಯಗಳಲ್ಲಿ ವೇಲ್ಸ್‌ಗೆ ಸತತ 17ನೆಯ ಸೋಲು. ಈ 17 ಎಲ್ಲೋ ಕೇಳಿದಂತಿದೆಯಲ್ಲ ಎಂದು ರಾತ್ರಿಯೆಲ್ಲ ಹೊರಳಾಡಿದೆ. ಬೆಳಗಿನ ಜಾವಕ್ಕೆ ನೆನಪಾಯಿತು. 2008ರಿಂದ 2024ರವರೆಗೆ ನಮ್ಮ ಬೆಂಗಳೂರಿನ ಗಂಡಸರ ತಂಡ ಐಪಿಎಲ್ ಕಪ್ ಇಲ್ಲದೆ ಕಳೆದ ಸೀಸನ್‌ಗಳೂ 17. (ಹೆಣ್ಣುಮಕ್ಕಳು ತಮ್ಮ ಎರಡನೆಯ ಸೀಸನ್ನಿಗೇ ಕಪ್ ತಂದು ಮನೆಯಲ್ಲಿಟ್ಟರು, ಅದು ಬೇರೆ ಮಾತು.) ಅಲ್ಲಿ ನಮಗೆ ಪ್ರತಿ ವರ್ಷ ಸಿಗುತ್ತಿದ್ದದ್ದು ಚೊಂಬು. ತಮಗೂ ಅದಕ್ಕೂ ನೆಂಟಸ್ತಿಕೆ ಇರಲೇಬೇಕು, ಒಂದೇ ಅಡುಗೆಮನೆಯವರಲ್ಲವೇ. ಮುಂದಿನ ಶನಿವಾರ ಕೋಲ್ಕತ್ತಾದಲ್ಲಿ ನಮ್ಮ ಮೊದಲ ಪಂದ್ಯ. ತಾತನನ್ನು ಮನೆಗೆ ಕರೆದಿದ್ದೇನೆ, ಕೆಂಪು ಜೆರ್ಸಿ ಅವರ ಬಳಿ ಹೇಗೂ ಇದೆ. ‘ಈ ಸಲ ಕಪ್ ನಮ್ದೇ’ ಎನ್ನುವುದನ್ನು ಬಾಯಿಪಾಠ ಮಾಡಿಸುತ್ತಿದ್ದೇನೆ; ‘ಈ ಸಲ’ ಎಂಬಲ್ಲಿ ನಾಲಿಗೆ ಚೆನ್ನಾಗಿ ತಿರುಗುತ್ತದೆ, ‘ಕಪ್’ ಎನ್ನುವಾಗ ಸ್ವಲ್ಪ ತೊದಲುತ್ತಾರೆ.