ವಿಮಾನಸಂಧಿ ಪ್ರಕರಣ

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಪೂರ್ವಪದ, ಮಂಗಳೂರಿನ ಬಜಪೆ ನಿಲ್ದಾಣ ಉತ್ತರಪದ. ಇವೆರಡೂ ಕಾಲವಿಳಂಬವಿಲ್ಲದೆ ಕೂಡುವುದೇ ವಿಮಾನಸಂಧಿ. ‘ಕಾಲವಿಳಂಬವಿಲ್ಲದೆ’ ಎಂಬುದು ವ್ಯಾಕರಣದ ಮಾತು. ವಿಮಾನ ಕಂಪನಿಗಳು ಅದಕ್ಕೆ ಬದ್ಧವಲ್ಲ.

ಮೊದಲು ಲೋಪ. ಭೂಮಿ ದುಂಡಗಿದೆ ಎಂಬ ಮತವನ್ನು ಒಪ್ಪಿ, ಅದರ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಎರಡು ನಿಲ್ದಾಣಗಳ ನಡುವೆ ಸುಮಾರು 306 ಕಿ.ಮೀ. ಬರುತ್ತದೆ. ಬೆಂಗಳೂರಿನಿಂದ ರಸ್ತೆ ಹಿಡಿದರೆ ಸುಮಾರು 350. ಮಿಕ್ಕ ನಲವತ್ತು ಚಿಲ್ಲರೆ ಕಿ.ಮೀ. ಎಲ್ಲಿ ಹೋಯಿತು? ಶಿರಾಡಿ ಘಾಟಿಯ ತಿರುವುಗಳ ಸಮೇತ ಲೋಪವಾಯಿತು. ಹಾಸನ, ಸಕಲೇಶಪುರ, ಉಪ್ಪಿನಂಗಡಿಗಳೂ ಲೋಪ; ನಡುವೆ ಬಸ್ಸು ನಿಲ್ಲಿಸುವ ಹೋಟೆಲೂ ಲೋಪ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಮಾಡಬೇಕೆಂಬುದು ನಿಯಮ. ಬಿಸಿ ಇಡ್ಲಿ ಹೋದ ಮೇಲೂ ಪ್ರಯಾಣಕ್ಕೆ ಅರ್ಥ ಉಳಿಯುತ್ತದೆಯೇ ಎಂಬ ಬಗ್ಗೆ ಹಾಸನದ ಕಡೆಯ ವಿದ್ವಾಂಸರಲ್ಲಿ ಭಿನ್ನಮತವಿದೆ.

ಇನ್ನು ಆಗಮ. ಯಕಾರವೋ ವಕಾರವೋ ನಡುವೆ ಬಂದು ಕೂರುವಂತೆ ಇಲ್ಲಿ ಹೊತ್ತು ಬಂದು ಕೂರುತ್ತದೆ. ವಿಮಾನ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಟಿಕೆಟ್ ಹೇಳುವುದು ಒಂದು ಗಂಟೆ, ಮೇಲೊಂದಿಷ್ಟು. ವೇಳಾಪಟ್ಟಿಯ ಲೆಕ್ಕ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಆ ತುದಿಯಲ್ಲಿ ಪೂರಾ ನಿಂತಾಗ ಮುಗಿಯುತ್ತದೆ. ರನ್‌ವೇ ಸರದಿ, ಎದುರುಗಾಳಿ, ಮಳೆಗಾಲದಲ್ಲಿ ಬಜಪೆಯ ಗುಡ್ಡಕ್ಕೆ ಮೋಡ ಕವಿದರೆ ಮಾಡಬೇಕಾದ ಪ್ರದಕ್ಷಿಣೆ, ಎಲ್ಲಕ್ಕೂ ಮೊದಲೇ ಒಂದಿಷ್ಟು ನಿಮಿಷ ಸೇರಿಸಿಟ್ಟಿರುತ್ತಾರೆ. ಮೋಡ ಇಲ್ಲದ ದಿನ ‘ನಿಗದಿಗಿಂತ ಮುಂಚೆಯೇ ತಲುಪಿದ್ದೇವೆ’ ಎಂದು ಘೋಷಿಸುವುದು ಈ ಉಳಿತಾಯದ ಬಡ್ಡಿಯಿಂದ.

ಆದರೆ ಮಹಾಆಗಮ ನೆಲದ ಮೇಲಿನದು. ಬನಶಂಕರಿಯವರು ಮೇಖ್ರಿ ಸರ್ಕಲ್, ಹೆಬ್ಬಾಳಗಳನ್ನು ದಾಟಬೇಕು. ಅಷ್ಟು ಹೊತ್ತಿಗೆ ವಿಮಾನವಾದರೆ ಸಮುದ್ರ ನೋಡಿರುತ್ತಿತ್ತು. ಆಮೇಲೆ ತಪಾಸಣೆಯ ಸಾಲು. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಬೋರ್ಡಿಂಗ್ ಪಾಸು ಹಿಡಿದ ಹಿರಿಯರೊಬ್ಬರು ಟ್ರೇಯಲ್ಲಿ ಸಾಗುವ ತಮ್ಮ ಬೆಲ್ಟನ್ನು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ನೋಡುತ್ತಿರುತ್ತಾರೆ. ಅವರ ಚೀಲದಲ್ಲಿ ತಿಪಟೂರಿನ ಕೊಬ್ಬರಿ. ಎಣ್ಣೆಯಂಶದಿಂದಾಗಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕೆಂದು ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ಹಾಗಾಗಿ ತಪಾಸಣೆಯವರ ಮುಂದೆ ‘ಬೀಗರಿಗೆ ಸ್ವಾಮಿ’ ಎಂಬ ಪೂರ್ವಪಕ್ಷ ನಿಲ್ಲುವುದಿಲ್ಲ. ಬೆಲ್ಟಿಗೆ ಪೂರ್ವೋದಾಹರಣೆ ಹುಡುಕಿದರೆ, 1951ರಲ್ಲಿ ನೆಹರೂ ಡಕೋಟಾ ವಿಮಾನದಲ್ಲಿ ಬಜಪೆಗೆ ಬಂದಿಳಿದರು. ಅವರ ಬೆಲ್ಟಿನ ವಿಚಾರದಲ್ಲಿ ಶಾಸ್ತ್ರಗ್ರಂಥಗಳು ಮೌನವಾಗಿವೆ.

ಆದೇಶ ಸಂಧಿ ಸುಲಭ. ಕ, ತ, ಪಗಳ ಜಾಗಕ್ಕೆ ಗ, ದ, ಬಗಳು ಬರುವಂತೆ ಆರನೇ ಗೇಟಿನ ಜಾಗಕ್ಕೆ ಹತ್ತೊಂಬತ್ತನೆಯದು ಬರುತ್ತದೆ. ಕಾಫಿಗೆ ಆಗಷ್ಟೇ ದುಡ್ಡು ಕೊಟ್ಟಿರಬೇಕು ಎಂಬುದು ಇದರ ನಿಮಿತ್ತ.

ಈ ಸಂಧಿಯನ್ನೇ ಒಪ್ಪದ ರಾತ್ರಿಬಸ್ ಸಂಪ್ರದಾಯವೊಂದಿದೆ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಮಂಗಳೂರಿನಲ್ಲಿ ಕಣ್ಣುಬಿಡುವವನಿಗೆ ಪ್ರಯಾಣದ ಅವಧಿ ಸೊನ್ನೆ, ಏಕೆಂದರೆ ನಿದ್ದೆಯ ಹೊತ್ತು ಹೊತ್ತೇ ಅಲ್ಲ, ಎಂಬುದು ಅವರ ಸಿದ್ಧಾಂತ. ತರ್ಕ ಗಟ್ಟಿಯಾಗಿದೆ. ಶಿರಾಡಿಯಲ್ಲಿ ಗುಡ್ಡ ಕುಸಿದ ದಿನ ಮಾತ್ರ ಈ ಸಂಪ್ರದಾಯದವರೆಲ್ಲ ಮತಾಂತರಗೊಂಡು ವಿಮಾನದ ಟಿಕೆಟ್ ಹುಡುಕುತ್ತಾರೆ. ಅಷ್ಟರಲ್ಲಿ ದರದಲ್ಲೂ ಆಗಮವಾಗಿರುತ್ತದೆ.