ಓಡುವ ಮೇಜು: ಬಳಕೆಯ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿ. ತೀರಾ ಹಸಿದಿದ್ದರೆ ‘ಜೋಡಣೆ’ ಎಂಬ ಭಾಗಕ್ಕೆ ನೇರ ಹೋಗಿ. ಮನೆಯಲ್ಲೇ ತಿಂದು ಬಂದಿದ್ದರೆ ಈ ಉಪಕರಣ ನಿಮಗಲ್ಲ. ನಿಮ್ಮ ಸೀಟಿನಲ್ಲಿ ಕೂತು ನಿದ್ದೆ ಮಾಡಿ, ಇನ್ನೊಬ್ಬರಿಗೆ ಜಾಗವಾದರೂ ಉಳಿಯುತ್ತದೆ.

ಉಪಕರಣದ ಪರಿಚಯ

ಈ ಕೈಪಿಡಿ ಅನ್ವಯಿಸುವುದು ಪುಣೆ–ಮುಂಬೈ ನಡುವೆ ಓಡುವ ಡೆಕ್ಕನ್ ಕ್ವೀನ್ ರೈಲಿನ ಡೈನಿಂಗ್ ಕಾರ್‌ಗೆ ಮಾತ್ರ. ಬೇರೆ ದೂರದ ರೈಲುಗಳಲ್ಲಿ ನೀವು ಕಂಡಿರುವುದು ಪ್ಯಾಂಟ್ರಿ ಕಾರ್. ಅಲ್ಲಿ ಅಡುಗೆ ಒಂದು ಬೋಗಿಯಲ್ಲಿ ಆಗುತ್ತದೆ, ಊಟ ನಡೆದುಕೊಂಡು ನಿಮ್ಮ ಬಳಿ ಬರುತ್ತದೆ. ನೀವು ಅದನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕೈ ಪಕ್ಕದವರ ಪಕ್ಕೆಗೆ ತಾಗದಂತೆ ಹಿಡಿದು, ದಾಲ್ ಡಬ್ಬಿಯ ಮುಚ್ಚಳ ಕೀಳುತ್ತೀರಿ. ದಾಲ್ ಯಾರ ಮೇಲೆ ಬೀಳಬೇಕೆಂಬುದನ್ನು ಚಾಲಕ ನಿರ್ಧರಿಸುತ್ತಾನೆ.

ಡೈನಿಂಗ್ ಕಾರ್‌ನಲ್ಲಿ ಊಟ ಕದಲುವುದಿಲ್ಲ. ಎದ್ದು ಹೋಗಬೇಕಾದವರು ನೀವು. ಅಲ್ಲಿ ಮೇಜಿದೆ, ಕುರ್ಚಿಯಿದೆ, ದೊಡ್ಡ ಕಿಟಕಿಯಿದೆ, ಎದುರಿಗೆ ನಿಮಗೆ ಗೊತ್ತಿಲ್ಲದ ಒಬ್ಬ ಮನುಷ್ಯ ಇದ್ದಾನೆ. ಐಷಾರಾಮಿ ಪ್ರವಾಸಿ ರೈಲುಗಳನ್ನು ಬಿಟ್ಟರೆ, ಟಿಕೆಟ್ ತೆಗೆದು ಹತ್ತಬಹುದಾದ ರೈಲುಗಳಲ್ಲಿ ಇಂಥ ವ್ಯವಸ್ಥೆ ಇಂದು ದೇಶದಲ್ಲಿ ಉಳಿದಿರುವುದು ಇದೊಂದರಲ್ಲೇ. ನಮ್ಮ ಗೋಲ್ಡನ್ ಚಾರಿಯಟ್‌ನಲ್ಲೂ ಎರಡು ಊಟದ ಬೋಗಿಗಳಿವೆ. ಒಂದರ ಹೆಸರು ನಳ, ಇನ್ನೊಂದು ರುಚಿ. ಆದರೆ ಅಲ್ಲಿನ ಟಿಕೆಟ್ ಕೊಳ್ಳಬಲ್ಲವರಿಗೆ ಹೇಗೆ ತಿನ್ನಬೇಕೆಂದು ಹೇಳಿಕೊಡುವ ಧೈರ್ಯ ಈ ಲೇಖಕನಿಗಿಲ್ಲ. ಮದ್ದೂರು ವಡೆಯೂ ಕೈಪಿಡಿಯ ವ್ಯಾಪ್ತಿಗೆ ಹೊರಗಿನದು. ಅದು ಬುಟ್ಟಿಯಲ್ಲಿ ಕೂತು ತಾನೇ ರೈಲು ಹತ್ತಿ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ, ಕೈಪಿಡಿಗೆ ಕೆಲಸವೇ ಇಲ್ಲ.

ತಯಾರಿಕೆಯ ವಿವರ: ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಈ ರೈಲನ್ನು ಮೊದಲು ಓಡಿಸಿದ್ದು 1930ರ ಜೂನ್ 1ರಂದು. ಏಳೇಳು ಬೋಗಿಗಳ ಎರಡು ಸಾಲು. ಒಂದಕ್ಕೆ ಬೆಳ್ಳಿ ಬಣ್ಣದ ಮೇಲೆ ಕೆಂಪು ಪಟ್ಟಿ, ಇನ್ನೊಂದಕ್ಕೆ ಕಡುನೀಲಿಯ ಮೇಲೆ ಚಿನ್ನದ ಗೆರೆ. ಬೋಗಿಗಳ ಅಡಿಚೌಕಟ್ಟು ಇಂಗ್ಲೆಂಡಿನಿಂದ ಬಂತು, ಮೈ ಕಟ್ಟಿದ್ದು ಮಾಟುಂಗಾ ಕಾರ್ಖಾನೆಯಲ್ಲಿ. ಮೂರನೇ ದರ್ಜೆ ಸೇರಿದ್ದು 1955ರಲ್ಲಿ. ಅಂದರೆ ಮೊದಲ ಕಾಲು ಶತಮಾನ ಈ ಮೇಜಿನ ಮೇಲಿನ ಟೋಸ್ಟ್ ಬಡವರಿಗೆ ಪ್ಲಾಟ್‌ಫಾರ್ಮಿನಿಂದ ವಾಸನೆಯಾಗಿ ಮಾತ್ರ ಸಿಕ್ಕಿರಬೇಕು. 2022ರ ಜೂನ್‌ನಿಂದ ಹೊಸ ಎಲ್‌ಎಚ್‌ಬಿ ಬೋಗಿಗಳು ಬಂದಿವೆ. ಊಟದ ಬೋಗಿಯಲ್ಲಿ ಮೊದಲು 32 ಜನ ಕೂರಬಹುದಿತ್ತು, ಈಗ 40. ಪ್ರತಿ ವರ್ಷ ಜೂನ್ 1ಕ್ಕೆ ಪುಣೆ ನಿಲ್ದಾಣದಲ್ಲಿ ರೈಲಿನ ಹುಟ್ಟುಹಬ್ಬ ಮಾಡಿ ಕೇಕ್ ಕತ್ತರಿಸುತ್ತಾರೆ.

ಹಳೆಯ ಮಾದರಿಯ ಬಗ್ಗೆ ಒಂದು ಮಾತು

ಬೋಗಿಯಿಂದ ಬೋಗಿಗೆ ಒಳಗಿನಿಂದಲೇ ದಾಟುವ ದಾರಿ ಇಲ್ಲದ ಕಾಲದಲ್ಲಿ ರೈಲಿನಲ್ಲಿ ಊಟಕ್ಕೆ ಹೋಗುವುದೆಂದರೆ ಪೂರ್ವಸಿದ್ಧತೆಯ ಕೆಲಸ. ಒಂದು ನಿಲ್ದಾಣದಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ನಡೆದು, ಊಟದ ಬೋಗಿ ಹತ್ತಬೇಕು. ತಿಂದಾದ ಮೇಲೆ ಮುಂದಿನ ನಿಲ್ದಾಣ ಬರುವವರೆಗೆ ಅಲ್ಲೇ ಇರಬೇಕು. ಊಟ ಎಷ್ಟು ಹೊತ್ತು ಎಂಬುದನ್ನು ಹಸಿವಾಗಲಿ ಮಾಣಿಯಾಗಲಿ ನಿರ್ಧರಿಸುತ್ತಿರಲಿಲ್ಲ, ನಿಲ್ದಾಣಗಳ ನಡುವಿನ ದೂರ ನಿರ್ಧರಿಸುತ್ತಿತ್ತು. ಬೇಗ ಮುಗಿಸಿದವರು ಇನ್ನೊಂದು ಕಾಫಿ ತರಿಸಿಕೊಂಡು ಕೂರಬೇಕು; ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ, ಎಬ್ಬಿಸಿದರೂ ಹೋಗಲು ದಾರಿಯಿಲ್ಲ.

ಬೋಗಿಗಳ ನಡುವೆ ದಾರಿ ಮಾಡಿಕೊಟ್ಟ ಎಂಜಿನಿಯರುಗಳು ಪುಣ್ಯವಂತರೇ ಇರಬಹುದು. ಆದರೆ ಆ ದಾರಿಯಿಂದಲೇ ‘ಸಾಬ್, ಆಯ್ತಾ?’ ಎಂಬ ಪ್ರಶ್ನೆ ಹುಟ್ಟಿತು. ಈ ಕೈಪಿಡಿಯ ಮುಕ್ಕಾಲು ಪಾಲು ಆ ಪ್ರಶ್ನೆಯನ್ನು ಮುಂದೂಡುವುದು ಹೇಗೆಂಬುದರ ಬಗ್ಗೆಯೇ ಇದೆ. ತಿಂಡಿ ಎಲ್ಲಿ ಬೇಕಾದರೂ ಸಿಕ್ಕೀತು. ಓಡುವ ಕಿಟಕಿಯ ಪಕ್ಕ ನಿಂತಿರುವ ಮೇಜು ಸಿಗುವುದು ಇಲ್ಲಿ ಮಾತ್ರ.

ಜೋಡಣೆ

ರೈಲು ಪುಣೆ ಬಿಡುವುದು ಬೆಳಗ್ಗೆ 7:15ಕ್ಕೆ. ರೈಲಿನಲ್ಲಿರುವವರು ಸಾವಿರಕ್ಕೂ ಮಿಕ್ಕಿ, ಕುರ್ಚಿ ನಲವತ್ತು. ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ, ಕಾಲಜ್ಞಾನದಲ್ಲಿದೆ.

ಶಿವಾಜಿನಗರ ಬಿಟ್ಟ ತಕ್ಷಣ ನುಗ್ಗಬೇಡಿ. ಅದು ಪಾಸಿನವರ ಹೊತ್ತು. ವರ್ಷಗಟ್ಟಲೆ ಇದೇ ರೈಲಿನಲ್ಲಿ ಕಚೇರಿಗೆ ಹೋಗಿಬರುವ ಇವರಿಗೆ ಬೇರರ್ ಏನು ಬೇಕೆಂದು ಕೇಳುವುದೂ ಇಲ್ಲ, ಮುಖ ನೋಡಿ ಆಮ್ಲೆಟ್ ತಂದಿಡುತ್ತಾನೆ. ಅವರ ಮೇಜಿನ ಬದಿಯಲ್ಲಿ ನಿಂತು ತಟ್ಟೆಯನ್ನು ದಿಟ್ಟಿಸಿದರೆ ಅವರು ಬೇಗ ಏಳುತ್ತಾರೆಂಬುದು ಮದುವೆ ಛತ್ರದಲ್ಲಿ ನಾವು ಕಲಿತ ನಂಬಿಕೆ. ಪುಣೆಯವರ ಮೇಲೆ ಅದು ನಡೆಯುವುದಿಲ್ಲ. ಅವರು ಪತ್ರಿಕೆಯ ಪುಟ ತಿರುವುತ್ತಾರೆ, ಅಷ್ಟೆ.

ಹೋಗಬೇಕಾದದ್ದು ತಳೇಗಾಂವ್ ದಾಟಿದ ಮೇಲೆ. ಮೊದಲ ಪಂಕ್ತಿ ಏಳುತ್ತಿರುತ್ತದೆ. ಕೂರುವಾಗ ಒಂದೇ ನಿಯಮ: ಕಿಟಕಿ ಪಕ್ಕದ ಕುರ್ಚಿ ಸಿಕ್ಕರೆ ಮೇಜಿನ ಮೇಲೆ ಹಿಂದಿನವರ ಚೂರು ಬಿದ್ದಿದ್ದರೂ ಕೂತುಬಿಡಿ. ಒರೆಸಿದ ಮೇಲೆ ಕೂರುತ್ತೇನೆ ಎನ್ನುವ ಮಡಿವಂತರಿಗೆ ನಡುಹಾದಿಯ ಕುರ್ಚಿಯೇ ಗತಿ.

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದವರಿಗೆ ವಿಶೇಷ ಸೂಚನೆ. ಮನೆಯಿಂದ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿಪುಡಿಯ ಗಂಟನ್ನು ಸೀಟಿನಲ್ಲೇ ಬಿಟ್ಟು ಬನ್ನಿ. ಒಳಗೆ ತಂದರೆ ಬಿಚ್ಚುವ ಆಸೆಯಾಗುತ್ತದೆ. ಬಿಚ್ಚಿದರೆ ಎದುರಿನವರು ಕೇಳುತ್ತಾರೆ. ಕೊಟ್ಟರೆ ನಿಮಗೆ ಉಳಿಯುವುದಿಲ್ಲ. ಆದರೆ ಚಟ್ನಿಪುಡಿಯ ಸಣ್ಣ ಪೊಟ್ಟಣವೊಂದು ಜೇಬಿನಲ್ಲಿದ್ದರೆ ಅಡ್ಡಿಯಿಲ್ಲ. ಕಾರಣ ಮುಂದೆ ಬರುತ್ತದೆ.

ಚಾಲನೆ

ಲೋನಾವಳ ಬರುವುದಕ್ಕೆ ಸ್ವಲ್ಪ ಮೊದಲೇ ತಿಂಡಿ ಹೇಳಿಬಿಡಿ. ತಟ್ಟೆ ಬರುವುದಕ್ಕೂ ರೈಲು ಖಂಡಾಳ ದಾಟಿ ಭೋರ್ ಘಾಟ್ ಇಳಿಯುವುದಕ್ಕೂ ಸರಿಹೋಗಬೇಕು. ಈ ಉಪಕರಣದ ಇಡೀ ಸಾಮರ್ಥ್ಯ ಅಡಗಿರುವುದು ಇದೊಂದು ಹೊಂದಾಣಿಕೆಯಲ್ಲಿ. ಬಯಲಿನಲ್ಲಿ ತಿಂದ ಟೋಸ್ಟ್ ಬರೀ ಟೋಸ್ಟ್. ಅದನ್ನು ಕೆಫೆಯಲ್ಲೂ ತಿನ್ನಬಹುದು.

ಏನು ಹೇಳಬೇಕು? ಪಟ್ಟಿಯಲ್ಲಿ ಆಮ್ಲೆಟ್, ಕಟ್ಲೆಟ್, ಸಾಬೂದಾನಾ ವಡೆ, ಟೋಸ್ಟ್ ಮೇಲೆ ಸುರಿದ ಬೇಕ್ಡ್ ಬೀನ್ಸ್ ಎಲ್ಲ ಇರುತ್ತವೆ. ಬೀನ್ಸ್ ಬ್ರಿಟಿಷರು ಬಿಟ್ಟುಹೋದದ್ದು. ಅವರು ಮರೆತು ಬಿಟ್ಟರೋ ಬೇಕೆಂದೇ ಬಿಟ್ಟರೋ ತಿಂದವರು ತೀರ್ಮಾನಿಸಲಿ. ಕಟ್ಲೆಟ್‌ಗೆ ಅಭಿಮಾನಿಗಳು ಬಹಳ, ಅವರ ಜೊತೆ ನನಗೆ ಜಗಳ ಬೇಡ. ಹೊರಗೆ ಗರಿಗರಿಯಾಗಿರುವ ಆ ಮೊದಲ ಎರಡು ತುತ್ತಿಗೆ ನಾನೂ ಸೋಲುತ್ತೇನೆ, ಮೂರನೆಯದರಿಂದ ಅದು ಆಲೂಗಡ್ಡೆಯಾಗಿಬಿಡುತ್ತದೆ. ಹೇಳಬೇಕಾದದ್ದು ಚೀಸ್ ಟೋಸ್ಟ್. ಅಂಚು ಸ್ವಲ್ಪ ಕರಕಲಾಗಿರಬೇಕು, ನಡುವೆ ಚೀಸ್ ಇನ್ನೂ ಉಬ್ಬಿಳಿಯುತ್ತಿರಬೇಕು. ಬಂದ ಕೂಡಲೇ ಜೇಬಿನ ಪೊಟ್ಟಣ ತೆಗೆದು ಮೇಲೊಂದು ಚಿಟಿಕೆ ಶೇಂಗಾ ಚಟ್ನಿಪುಡಿ ಉದುರಿಸಿ. ಬಿಸಿ ಚೀಸಿನಲ್ಲಿ ಅದು ಅಂಟಿ ಕೂರುತ್ತದೆ. ಒಂಬತ್ತು ದಶಕ ದಾಟಿದ ರೈಲಿಗೆ ಧಾರವಾಡ ಸೀಮೆಯ ಈ ಕೊಡುಗೆಯನ್ನು ಯಾರೂ ಇನ್ನೂ ಪಟ್ಟಿಗೆ ಸೇರಿಸಿಲ್ಲ.

ಈಗ ಘಾಟ್. ಇಲ್ಲಿ ಹಳಿಯ ಇಳಿಜಾರು 37ಕ್ಕೆ 1. ಮೂವತ್ತೇಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ರೈಲಿಗೆ ಇದು ಭಯಂಕರ ಇಳಿಜಾರು, ಬ್ರೇಕ್ ಸರಿಯಿದೆಯೇ ಎಂದು ನೋಡಿಕೊಂಡೇ ಇಳಿಯಬೇಕು. ಹಿಡಿತ ತಪ್ಪಿದ ಗಾಡಿಯನ್ನು ತಿರುಗಿಸಿ ನಿಲ್ಲಿಸಲು ಪಕ್ಕದಲ್ಲಿ ಏರುಹಳಿಗಳನ್ನೂ ಕಟ್ಟಿಟ್ಟಿದ್ದಾರೆ. ಹೀಗಾಗಿ ರೈಲು ನಿಧಾನಕ್ಕೆ ಇಳಿಯುತ್ತದೆ, ನಿಮ್ಮ ಟೋಸ್ಟಿಗೆ ಅಷ್ಟು ಹೆಚ್ಚು ಕಾಲ ಸಿಗುತ್ತದೆ. ಸುರಕ್ಷತಾ ನಿಯಮವೊಂದು ನಾಲಗೆಗೆ ಇಷ್ಟು ಉಪಕಾರ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಳೆಗಾಲವಾದರೆ ಬಂಡೆಗಳ ಮೇಲಿಂದ ಬಿಳಿ ನೀರು ಇಳಿಯುತ್ತಿರುತ್ತದೆ, ಮೋಡ ಕಿಟಕಿಗೆ ಬಂದು ಒರಗುತ್ತದೆ.

ಚಹಾದ ಕಪ್ಪನ್ನು ಗಮನಿಸಿ. ಎಂಟು ಸೆಂಟಿಮೀಟರ್ ಅಗಲದ ಕಪ್ಪಿನಲ್ಲಿ ಪುಣೆ ಕಡೆಯ ಅಂಚಿಗಿಂತ ಮುಂಬೈ ಕಡೆಯ ಅಂಚಿನಲ್ಲಿ ಚಹಾ ಎರಡು ಮಿಲಿಮೀಟರ್ ಮೇಲೇರಿರುತ್ತದೆ. ಮುಂಬೈ ತಗ್ಗಿನಲ್ಲಿದೆಯಲ್ಲ, ಅದಕ್ಕೆ. ಸಂಜೆ ವಾಪಸು ಹತ್ತುವಾಗಲೂ ಚಹಾ ವಾಲುವುದು ಮುಂಬೈ ಕಡೆಗೇ. ಇದನ್ನು ಪುಣೆಯವರ ಮುಂದೆ ಆಡಬೇಡಿ.

ಎದುರಿನ ಮನುಷ್ಯ

ಇದು ಉಪಕರಣದ ಅತಿ ಸೂಕ್ಷ್ಮ ಭಾಗ. ತೆಗೆದಿಡಲು ಬರುವುದಿಲ್ಲ.

ಒಂದು ಕಾಲಕ್ಕೆ ನಮ್ಮ ನಿಲ್ದಾಣಗಳಲ್ಲಿ ನೀರನ್ನೇ ‘ಹಿಂದೂ ಪಾನಿ’, ‘ಮುಸ್ಲಿಂ ಪಾನಿ’ ಎಂದು ಕೂಗಿ ಬೇರೆಬೇರೆಯಾಗಿ ಕೊಡುತ್ತಿದ್ದರು. ಉಪಾಹಾರದ ಕೋಣೆಗಳೂ ಬೇರೆಬೇರೆ. ರೈಲು ಎಲ್ಲರನ್ನೂ ಒಂದೇ ಹಳಿಯ ಮೇಲೆ ಓಡಿಸಿತೇ ಹೊರತು ಒಂದೇ ಮೇಜಿಗೆ ಕೂರಿಸಲು ಬಹಳ ಕಾಲ ಹಿಂಜರಿಯಿತು. ಈಗ ನಿಮ್ಮೆದುರು ಆಮ್ಲೆಟ್ ತಿನ್ನುತ್ತಿರುವವರ ಜಾತಿ ನಿಮಗೆ ಗೊತ್ತಿಲ್ಲ, ನಿಮ್ಮದು ಅವರಿಗೆ ಗೊತ್ತಿಲ್ಲ. ಮೆಣಸಿನಪುಡಿಯ ಡಬ್ಬಿ ಇಬ್ಬರಿಗೂ ಒಂದೇ. ಇದು ನೋಡಿದಷ್ಟು ಸಣ್ಣ ಸಂಗತಿಯಲ್ಲ ಎಂದು ಒಮ್ಮೆ ನೆನೆದು, ಡಬ್ಬಿಯನ್ನು ಅವರ ಕಡೆ ಸರಿಸಿ.

ಮಾತಾಡಬೇಕೇ? ಮೊದಲ ಸುರಂಗದವರೆಗೆ ಬೇಡ. ಸುರಂಗ ಬಂದಾಗ ಕಿಟಕಿ ಕನ್ನಡಿಯಾಗಿ ಇಬ್ಬರೂ ಬಾಯಿ ತೆರೆದು ತಿನ್ನುತ್ತಿರುವುದು ಇಬ್ಬರಿಗೂ ಕಾಣುತ್ತದೆ. ಆ ನಂತರ ಗಾಂಭೀರ್ಯ ಉಳಿಸಿಕೊಂಡು ಪ್ರಯೋಜನವಿಲ್ಲ. ಮಾತು ತಾನೇ ಶುರುವಾಗುತ್ತದೆ, ಸಾಮಾನ್ಯವಾಗಿ ‘ಮೊದಲು ಟೋಸ್ಟ್ ಇದಕ್ಕಿಂತ ದಪ್ಪ ಇತ್ತು’ ಎಂಬ ದೂರಿನಿಂದ. ಒಪ್ಪಿಕೊಳ್ಳಿ. ನೀವು ಇದೇ ಮೊದಲು ಬಂದಿದ್ದರೂ ಒಪ್ಪಿಕೊಳ್ಳಿ.

ದೋಷ ಮತ್ತು ಪರಿಹಾರ

ಚೀಸ್ ಟೋಸ್ಟ್ ಕೇಳಿದರೆ ‘ಖಾಲಿ’ ಎಂದರೆ ಆಮ್ಲೆಟ್ ಹೇಳಿ, ಬ್ರೆಡ್ ಹೆಚ್ಚು ಸುಡಿಸಿಕೊಳ್ಳಿ. ಚಹಾ ತಣ್ಣಗಿದ್ದರೆ ಹಿಂದಿರುಗಿಸಿ. ಅತಿ ಬಿಸಿಯಿದ್ದರೆ ಸುಮ್ಮನಿರಿ, ಅದು ದೋಷವಲ್ಲ, ವರ. ಆರುವವರೆಗೆ ನಿಮ್ಮನ್ನು ಎಬ್ಬಿಸುವಂತಿಲ್ಲ. ಬೇರರ್ ತಟ್ಟೆ ಎತ್ತಲು ಬಂದರೆ ಕೊನೆಯ ತುಣುಕನ್ನು ಉಳಿಸಿಕೊಂಡಿರಿ. ತುಣುಕಿರುವ ತಟ್ಟೆಗೆ ಅವನು ಕೈ ಹಾಕುವುದಿಲ್ಲ, ಅದು ಈ ವೃತ್ತಿಯ ಮರ್ಯಾದೆ. ಬಿಲ್ ತಂದು ಎದುರಿಗಿಟ್ಟು ನಿಂತರೆ ಇನ್ನೊಂದು ಚಹಾ ಹೇಳಿ. ಬಿಲ್ ಮತ್ತೆ ಬರೆಯಬೇಕಾಗುತ್ತದೆ. ಯಾವ ಉಪಾಯವೂ ನಡೆಯದೆ, ಚಿಕ್ಕ ಮಗುವನ್ನೆತ್ತಿಕೊಂಡ ತಾಯಿಯೊಬ್ಬಳು ಜಾಗಕ್ಕಾಗಿ ಕಾಯುತ್ತಿದ್ದರೆ ಎದ್ದುಬಿಡಿ. ಕೈಪಿಡಿಗೂ ಮಿತಿಯಿದೆ.

ಸಂಜೆಯ ಬಳಕೆ

ಮುಂಬೈಯಿಂದ ರೈಲು ಹೊರಡುವುದು 5:10ಕ್ಕೆ. ಬಳಕೆದಾರರು ಬೆಳಗಿನವರೇ, ಆದರೆ ದಣಿದಿರುತ್ತಾರೆ. ಮೇಜಿನ ಜಗಳ ಕಡಿಮೆ. ಈ ಹೊತ್ತಿಗೆ ಕಟ್ಲೆಟ್ ಕ್ಷಮ್ಯ.

ಒಂದು ಅಡಚಣೆ ಮಾತ್ರ ಇದೆ, ಅದರ ಹೆಸರು ಕರ್ಜತ್. ಘಾಟ್ ಹತ್ತುವ ರೈಲುಗಳನ್ನು ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳು ಸೇರಿಕೊಳ್ಳುವುದು ಇಲ್ಲೇ, ಬಟಾಟೆ ವಡೆಗೆ ಹೆಸರಾದದ್ದೂ ಇದೇ ನಿಲ್ದಾಣ. ಅತ್ತ ಎಂಜಿನ್ ಕೂಡಿಸುತ್ತಿದ್ದರೆ ಇತ್ತ ವಡೆಯ ಪರಿಮಳ ಬಾಗಿಲಿನಿಂದ ಒಳಗೆ ಬರುತ್ತದೆ. ನಿಮ್ಮೆದುರು ಬಿಲ್ ಆದ ಕಟ್ಲೆಟ್ ಇದೆ, ಹೊರಗೆ ಕಾಗದದಲ್ಲಿ ಸುತ್ತಿದ ಬಿಸಿ ವಡೆ, ಬೆಳ್ಳುಳ್ಳಿಯ ಒಣ ಚಟ್ನಿ. ಹವಾನಿಯಂತ್ರಿತ ಬೋಗಿಯ ಕಿಟಕಿ ತೆಗೆಯಲು ಬರುವುದಿಲ್ಲ. ಎದುರಿನವರಿಗೆ ಕುರ್ಚಿ ನೋಡಿಕೊಳ್ಳಲು ಹೇಳಿ ಬಾಗಿಲಿಗೆ ಓಡಿ, ಕೊಂಡು ತನ್ನಿ. ಹೊರಗಿನ ತಿಂಡಿಯನ್ನು ಈ ಮೇಜಿನ ಮೇಲಿಡುವುದು ಸಭ್ಯತೆಯಲ್ಲ, ಹಾಗಾಗಿ ಮಡಿಲಲ್ಲೇ ಇಟ್ಟುಕೊಂಡು ತಿನ್ನಿ. ಬೇರರ್ ನೋಡಿಬಿಟ್ಟರೆ ಅವನಿಗೂ ಒಂದು ಕೊಡಿ. ಆಗ ಲೋನಾವಳದವರೆಗೆ ಬಿಲ್ಲಿನ ಸುದ್ದಿ ಎತ್ತುವುದಿಲ್ಲ.